ಮಾಳಿಗೆಯ ಮೇಲಿನ ಸಪ್ಪಳ: ಕಬ್ಬೆಕ್ಕನ್ನು ಹಿಂಸೆಯಿಲ್ಲದೆ ಹೊರಗೆ ಕಳಿಸುವುದು ಹೇಗೆ?

ರಾತ್ರಿ ಹನ್ನೊಂದರ ಹೊತ್ತು. ಮನೆಮಂದಿಯೆಲ್ಲ ಮಲಗಿದ್ದಾರೆ. ಇದ್ದಕ್ಕಿದ್ದಂತೆ ತಲೆಯ ಮೇಲೆ ದಡದಡ ಸಪ್ಪಳ. ಇಲಿಯ ಓಡಾಟದಂತೆ ಹಗುರವಲ್ಲ, ಯಾರೋ ನಡೆದಂತೆ ಭಾರವಾದ ಹೆಜ್ಜೆ. ‘ಯವ್ವಾ, ಮ್ಯಾಲೆ ಏನೋ ಓಡ್ಯಾಡಾಕತ್ತೈತಿ’ ಎಂದು ಮಗು ತಾಯಿಯ ಸೆರಗು ಹಿಡಿಯುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಅಟ್ಟದ ಮೂಲೆಯಲ್ಲಿ ಹಣ್ಣಿನ ಬೀಜ ತುಂಬಿದ ಹಿಕ್ಕೆ, ಎಂಥದೋ ಒಂದು ವಾಸನೆ. ನಿಮ್ಮ ಮನೆಯಲ್ಲೂ ಹೀಗಾಗುತ್ತಿದ್ದರೆ ಈ ವಾರದ ಅಂಕಣ ನಿಮಗಾಗಿಯೇ.

ಕೃಷ್ಣಾ ಮತ್ತು ಘಟಪ್ರಭಾ ನದಿಗಳ ಆಸುಪಾಸಿನ ಬೀಳಗಿ, ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿ ಸೀಮೆ ಕಬ್ಬಿನ ಸೀಮೆ. ಬಾಡಗಂಡಿಯಂಥ ಊರಿನಲ್ಲಿ ಕಬ್ಬಿನ ಗದ್ದೆ ಮುಗಿಯುವಲ್ಲಿ ಮನೆಯ ಹಿತ್ತಲು ಶುರುವಾಗುತ್ತದೆ. ಆಳೆತ್ತರ ಬೆಳೆದ ಕಬ್ಬು ಸಣ್ಣಪುಟ್ಟ ಕಾಡುಪ್ರಾಣಿಗಳಿಗೆ ಒಳ್ಳೆಯ ಮರೆ. ಕಟಾವು ಶುರುವಾದರೆ ಆ ಮರೆ ಹೋಗುತ್ತದೆ. ಪೊಟರೆಗಳಿದ್ದ ಹಳೆಯ ಆಲ, ಅತ್ತಿ, ಹುಣಸೆ ಮರಗಳೂ ರಸ್ತೆ ಅಗಲವಾದಂತೆ, ಹೊಸ ಮನೆ ಎದ್ದಂತೆ ಕಡಿಮೆಯಾಗುತ್ತಿವೆ. ಹಗಲು ಮಲಗಲು ಕತ್ತಲ ಗೂಡು ಹುಡುಕುವ ಪ್ರಾಣಿಗೆ ನಮ್ಮ ಅಟ್ಟ, ತಗಡಿನ ಸಂದು, ಮಗ್ಗದ ಮನೆಯ ಮಾಡು, ಪೇಟೆ ಮನೆಗಳ ಫಾಲ್ಸ್ ಸೀಲಿಂಗ್ ಇವೆಲ್ಲ ಮರದ ಪೊಟರೆಗಳೇ.

ಇಂಥ ಸಂದರ್ಭದಲ್ಲಿ ನಮ್ಮ ಜನ ಸಾಮಾನ್ಯವಾಗಿ ಮಾಡುವುದು ಮೂರು ಕೆಲಸ. ಒಂದು, ಬಡಿಗೆ ಹಿಡಿದು ಹೊಡೆಯಲು ಹೋಗುವುದು. ಎರಡು, ವಿಷ ಇಡುವುದು. ಮೂರು, ಗೌಂಡಿಯನ್ನು ಕರೆಸಿ ಹಾಡಹಗಲೇ ಕಿಂಡಿ ಮುಚ್ಚಿಸಿಬಿಡುವುದು. ಮೊದಲ ಎರಡು ಅಪಾಯಕರವೆಂದು ಬಹಳ ಮಂದಿಗೆ ಗೊತ್ತು. ಮೂರನೆಯದು ನಿರಪಾಯಕಾರಿ ಎಂದು ತೋರುತ್ತದೆ. ಆದರೆ ಅದೂ ಅಷ್ಟೇ ಕೆಟ್ಟದ್ದು. ಏಕೆಂದರೆ ಹಗಲು ಹೊತ್ತಿನಲ್ಲಿ ಈ ಪ್ರಾಣಿ ಒಳಗೇ ಮಲಗಿರುತ್ತದೆ. ಆದುದರಿಂದ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಪ್ರಾಣಿಯನ್ನು ಹಿಡಿಯುವುದು ಬೇಡ, ಅದರ ದಾರಿಯನ್ನು ಮುಚ್ಚಿ, ಆದರೆ ಒಳಗೆ ಯಾರೂ ಉಳಿದಿಲ್ಲವೆಂದು ಖಾತ್ರಿಯಾಗುವ ತನಕ ಮುಚ್ಚಬೇಡಿ.

ಯಾರು ಈ ಅತಿಥಿ?

ಹೀಗೆ ಮಾಳಿಗೆ ಹತ್ತುವ ಪ್ರಾಣಿ ಬಹುಮಟ್ಟಿಗೆ ಕಬ್ಬೆಕ್ಕು. ಇದನ್ನು ಮರಬೆಕ್ಕು ಎನ್ನುವವರೂ ಇದ್ದಾರೆ, ಕಾಡುಬೆಕ್ಕು ಎನ್ನುವವರೂ ಇದ್ದಾರೆ. ಹೆಸರಿನಲ್ಲಿ ಬೆಕ್ಕು ಇದ್ದರೂ ಇದು ಬೆಕ್ಕಿನ ಜಾತಿಯದಲ್ಲ. ಪುನುಗು ಬೆಕ್ಕಿನ ಕುಟುಂಬಕ್ಕೆ ಸೇರಿದ್ದು. ತೂಕ ಎರಡರಿಂದ ಐದು ಕಿಲೋ. ಉದ್ದ ದೇಹ, ಗಿಡ್ಡ ಕಾಲು, ಹೆಚ್ಚು ಕಡಿಮೆ ದೇಹದಷ್ಟೇ ಉದ್ದದ ಬಾಲ, ಕಪ್ಪು-ಬೂದು ಮೈಬಣ್ಣ. ಒಂಟಿಯಾಗಿ ಬದುಕುವ ನಿಶಾಚರಿ ಇದು. ಹಗಲೆಲ್ಲ ನಿದ್ದೆ, ಕತ್ತಲಾದ ಮೇಲೆ ಸಂಚಾರ.

ಇದರ ಆಹಾರ ಮುಖ್ಯವಾಗಿ ಹಣ್ಣು. ಅತ್ತಿ, ಆಲ, ಪೇರಲ, ಪಪ್ಪಾಯಿ, ಬಾಳೆ, ಮಾವು ಯಾವುದಾದರೂ ಸರಿ. ಜೊತೆಗೆ ಇಲಿ, ಹುಳುಹುಪ್ಪಟೆ, ಬಸವನಹುಳು, ಸಿಕ್ಕರೆ ಮೊಟ್ಟೆ. ತಿಂದ ಹಣ್ಣಿನ ಬೀಜವನ್ನು ದೂರ ಒಯ್ದು ಹಿಕ್ಕೆಯಲ್ಲಿ ಹಾಕುವುದರಿಂದ ಮರ ಹುಟ್ಟಿಸುವ ಕೆಲಸವನ್ನೂ ಮಾಡುತ್ತದೆ. ಮನೆಯ ಮೇಲೆ ಗದ್ದಲ ಮಾಡುವುದನ್ನು ಬಿಟ್ಟರೆ ಮನುಷ್ಯನ ತಂಟೆಗೆ ಬರುವ ಪ್ರಾಣಿಯಲ್ಲ. ಮೂಲೆಗೆ ಒತ್ತರಿಸಿದರೆ ಮಾತ್ರ ಕಚ್ಚುತ್ತದೆ, ಪರಚುತ್ತದೆ.

ಇಷ್ಟಲ್ಲದೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಈ ಪ್ರಾಣಿಗೆ ಇದೆ. ಆ ಕಾಯ್ದೆಯ ಪ್ರಕಾರ ‘ಬೇಟೆ’ ಎಂದರೆ ಕೊಲ್ಲುವುದಷ್ಟೇ ಅಲ್ಲ. ಬಲೆ ಹಾಕುವುದು, ಉರುಲು ಒಡ್ಡುವುದು, ವಿಷ ಇಡುವುದು, ಹಿಡಿಯುವುದು ಎಲ್ಲವೂ ಬೇಟೆಯೇ. ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳ ಯಡಹಳ್ಳಿ ಸುತ್ತಿನ ಕಾಡನ್ನು ಸರ್ಕಾರ ಚಿಂಕಾರಗಳಿಗಾಗಿ 2016ರಲ್ಲಿ ವನ್ಯಧಾಮವೆಂದು ಘೋಷಿಸಿತು. ಆದರೆ ಕಬ್ಬೆಕ್ಕಿಗೆ ಕಾನೂನಿನ ರಕ್ಷಣೆ ಇರುವುದು ವನ್ಯಧಾಮದ ಒಳಗೆ ಮಾತ್ರವಲ್ಲ, ನಿಮ್ಮ ಮಾಳಿಗೆಯ ಮೇಲೂ ಇದೆ.

ಮೊದಲು ಗುರುತಿಸಿ

ಸಪ್ಪಳ ಮಾಡುವುದೆಲ್ಲ ಕಬ್ಬೆಕ್ಕಲ್ಲ. ಹೆಗ್ಗಣವಿರಬಹುದು, ಊರ ಬೆಕ್ಕು ಮರಿ ಹಾಕಿರಬಹುದು, ಬಾವಲಿಗಳಿರಬಹುದು. ಗುರುತಿಸದೆ ಔಷಧ ಕೊಡುವುದು ಹೇಗೆ ತಪ್ಪೋ ಇದೂ ಹಾಗೆಯೇ.

ಹಿಕ್ಕೆ ನೋಡಿ. ಇಲಿಯದು ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು, ಹೆಗ್ಗಣದ್ದು ಇನ್ನೂ ತುಸು ದೊಡ್ಡದು. ಬಾವಲಿಯದನ್ನು ಹಿಚುಕಿದರೆ ಪುಡಿಯಾಗುತ್ತದೆ. ಆದರೆ ಕೈಯಿಂದ ಹಿಚುಕಬೇಡಿ, ಕಡ್ಡಿಯಿಂದ ಒತ್ತಿ ನೋಡಿ. ಕಬ್ಬೆಕ್ಕಿನದು ಬೆರಳಿನಷ್ಟು ದಪ್ಪ, ಅದರಲ್ಲಿ ಇಡಿಯ ಬೀಜಗಳು ಎದ್ದು ಕಾಣುತ್ತವೆ. ಪದೇ ಪದೇ ಒಂದೇ ಜಾಗದಲ್ಲಿ ಹಾಕುವುದು ಅದರ ಸ್ವಭಾವ.

ಎರಡನೆಯ ಪರೀಕ್ಷೆ ಹೆಜ್ಜೆಯದು. ಸಂಜೆ ಸಂಶಯವಿರುವ ಕಿಂಡಿಯ ಮುಂದೆ ಒಲೆಯ ಬೂದಿ ಅಥವಾ ರಂಗೋಲಿ ಪುಡಿಯನ್ನು ತೆಳುವಾಗಿ ಹರಡಿ. ಬೆಳಿಗ್ಗೆ ಹೆಜ್ಜೆ ಮೂಡಿರುತ್ತದೆ. ಬೆಕ್ಕಿನ ಹೆಜ್ಜೆಯಲ್ಲಿ ನಾಲ್ಕು ಬೆರಳು, ಕಬ್ಬೆಕ್ಕಿನದರಲ್ಲಿ ಐದು. ಹೆಜ್ಜೆ ಒಳಗೆ ಹೋಗಿದೆಯೋ ಹೊರಗೆ ಬಂದಿದೆಯೋ ಎಂಬುದನ್ನೂ ಬೂದಿಯೇ ಹೇಳುತ್ತದೆ.

ಮೂರನೆಯದಾಗಿ, ದಾರಿ ಹುಡುಕಿ. ಕಬ್ಬೆಕ್ಕು ಹಾರಿ ಬರುವುದಕ್ಕಿಂತ ಹತ್ತಿ ಬರುವುದೇ ಹೆಚ್ಚು. ಮಾಳಿಗೆಗೆ ತಾಗಿದ ನುಗ್ಗೆ, ಬೇವು, ಪೇರಲದ ಟೊಂಗೆ, ನೀರಿನ ಪೈಪು, ಕೇಬಲ್ ತಂತಿ ಇವು ಅದರ ಮೆಟ್ಟಿಲುಗಳು. ಓಡಾಡುವ ಕಿಂಡಿಯ ಅಂಚಿನಲ್ಲಿ ಮೈ ಉಜ್ಜಿ ಜಿಡ್ಡಿನ ಕಲೆ, ಒಂದೆರಡು ಕೂದಲು ಉಳಿದಿರುತ್ತವೆ.

ಆರೋಗ್ಯಕ್ಕೆ ಏನು ಅಪಾಯ?

ಭಯ ಬೇಡ, ಉಪೇಕ್ಷೆಯೂ ಬೇಡ. ಸುಮ್ಮನೆ ಮೇಲೆ ಓಡಾಡಿದ ಮಾತ್ರಕ್ಕೆ ಯಾವ ರೋಗವೂ ಕೆಳಗೆ ಇಳಿದುಬರುವುದಿಲ್ಲ. ಅಪಾಯ ಬರುವ ದಾರಿಗಳು ಬೇರೆ.

ಮೊದಲನೆಯದು ಕಡಿತ. ಹುಚ್ಚುನಾಯಿ ರೋಗವೆಂದು ನಾವು ಕರೆಯುವ ರೇಬಿಸ್ ನಾಯಿಗಷ್ಟೇ ಬರುವ ರೋಗವಲ್ಲ, ಹಾಲೂಡಿಸುವ ಯಾವ ಪ್ರಾಣಿಗೂ ಬರಬಹುದು. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಬದುಕುವುದಿಲ್ಲವೆಂದೇ ಹೇಳಬೇಕು. ನಮ್ಮಲ್ಲಿ ಈ ರೋಗ ಹರಡುವುದು ಬಹುಪಾಲು ನಾಯಿಗಳಿಂದಲೇ ಆದರೂ ಕಾಡುಪ್ರಾಣಿಯ ಕಡಿತವನ್ನು ವೈದ್ಯರು ಮೂರನೆಯ, ಎಂದರೆ ಅತಿ ಗಂಭೀರ ವರ್ಗದಲ್ಲೇ ಇಡುತ್ತಾರೆ.

ಎರಡನೆಯದು ಮೂತ್ರ ಮತ್ತು ಹಿಕ್ಕೆ. ಇಲಿಜ್ವರ ಎನ್ನುವ ಲೆಪ್ಟೊಸ್ಪೈರೋಸಿಸ್ ಇಲಿ, ಹೆಗ್ಗಣ ಮೊದಲಾದ ಪ್ರಾಣಿಗಳ ಮೂತ್ರದಿಂದ ಹರಡುತ್ತದೆ. ಅಟ್ಟದ ಮೇಲಿಂದ ಸೋರಿದ ಮೂತ್ರ ನೀರಿನ ಟ್ಯಾಂಕಿಗೆ, ಕಾಳಿನ ಚೀಲಕ್ಕೆ ಬಿದ್ದರೆ, ಅಥವಾ ಕೈಯಲ್ಲಿ ಗಾಯವಿದ್ದವರು ಅದನ್ನು ಬರಿಗೈಯಿಂದ ಒರೆಸಿದರೆ ಸೋಂಕು ತಗುಲಬಹುದು.

ಮೂರನೆಯದು ಚಿಗಟ ಮತ್ತು ಉಣ್ಣೆ. ಪ್ರಾಣಿ ಬದುಕಿರುವ ತನಕ ಅವು ಅದರ ಮೈಮೇಲೆ ಇರುತ್ತವೆ. ಪ್ರಾಣಿ ಸತ್ತು ಮೈ ತಣ್ಣಗಾದ ಮೇಲೆ ಬಿಸಿರಕ್ತದ ಇನ್ನೊಂದು ಮೈ ಹುಡುಕಿ ಇಳಿಯುತ್ತವೆ. ಪ್ಲೇಗಿನ ಕಾಲದಲ್ಲಿ ‘ಇಲಿ ಬಿತ್ತು’ ಎಂದ ಕೂಡಲೇ ಹಿರಿಯರು ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದುದರ ಹಿಂದೆ ಇದೇ ಅನುಭವವಿತ್ತು. ಈಗ ನಮ್ಮ ಮುಂದೆ ಪ್ಲೇಗಿನ ಭಯವಿಲ್ಲ. ಆದರೆ ಮಾಳಿಗೆಯಲ್ಲಿ ಪ್ರಾಣಿಯನ್ನು ಸಾಯಿಸುವುದರಿಂದ ಮನೆ ಸ್ವಚ್ಛವಾಗುವುದಿಲ್ಲ, ಹೊಲಸಾಗುತ್ತದೆ ಎಂಬ ಪಾಠ ಇಂದಿಗೂ ನಿಜ.

‘ಸಾರ್ಸ್ ರೋಗ ಬಂದದ್ದು ಈ ಬೆಕ್ಕಿನಿಂದಲೇ ಅಲ್ಲವೇ?’ ಎಂದು ಕೆಲವರು ಕೇಳುತ್ತಾರೆ. 2003ರಲ್ಲಿ ಚೀನಾದ ಗುವಾಂಗ್‌ಡಾಂಗ್ ಪ್ರಾಂತದ ಮಾರುಕಟ್ಟೆಗಳಲ್ಲಿ ಮಾಂಸಕ್ಕಾಗಿ ಮಾರುತ್ತಿದ್ದ ಇದೇ ಕುಟುಂಬದ ಬೇರೊಂದು ಜಾತಿಯ ಪ್ರಾಣಿಗಳಲ್ಲಿ ಆ ವೈರಾಣು ಕಂಡುಬಂದದ್ದು ನಿಜ. ಮರುವರ್ಷ ಅಲ್ಲಿ ಸಾವಿರಾರು ಪ್ರಾಣಿಗಳನ್ನು ಕೊಂದರು. ಆದರೆ 2005ರಲ್ಲಿ ವಿಜ್ಞಾನಿಗಳು ಸಾರ್ಸ್‌ನಂಥ ವೈರಾಣುಗಳ ಮೂಲ ನೆಲೆ ಬಾವಲಿಗಳೆಂದು ತೋರಿಸಿದರು. ಬೇರೆ ಬೇರೆ ಪ್ರಾಣಿಗಳನ್ನು ಹಿಡಿದು, ಪಂಜರದಲ್ಲಿ ಒತ್ತೊತ್ತಾಗಿ ತುಂಬಿ, ಮಾರಿ ಕೊಯ್ದದ್ದರಿಂದ ರೋಗಕ್ಕೆ ದಾರಿಯಾಯಿತು. ಹಿಡಿಯಬೇಡಿ, ಮುಟ್ಟಬೇಡಿ ಎನ್ನಲು ಇದೂ ಒಂದು ಕಾರಣ.

ಇವನ್ನು ಖಂಡಿತ ಮಾಡಬೇಡಿ

ಕಾಳಿನ ಚೀಲಗಳಿಗೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ‘ಏನೋ ಒಂದು ಸಾಯಲಿ’ ಎಂದು ಅಟ್ಟಕ್ಕೆ ಎಸೆಯುವವರಿದ್ದಾರೆ. ಈ ಗುಳಿಗೆ ಗಾಳಿಯ ತೇವಕ್ಕೆ ಕರಗಿ ಫಾಸ್ಫೀನ್ ಎಂಬ ವಿಷಾನಿಲವನ್ನು ಬಿಡುತ್ತದೆ. ಆ ಅನಿಲ ಗಾಳಿಗಿಂತ ಭಾರ. ಅಟ್ಟದಿಂದ ಇಳಿದು ನೀವು ಮಲಗಿರುವ ಕೋಣೆಗೇ ಬರುತ್ತದೆ. ಇದಕ್ಕೆ ಪ್ರತಿವಿಷವಿಲ್ಲ. ಜನ ಮಲಗುವ ಮನೆಯೊಳಗೆ ಇದನ್ನು ಎಂದೂ ಬಳಸಬೇಡಿ. ಬಳಸಿಬಿಟ್ಟಿದ್ದರೆ ಮನೆಮಂದಿಯೆಲ್ಲ ತಕ್ಷಣ ಹೊರಗೆ ಬನ್ನಿ. ಯಾರಿಗಾದರೂ ವಾಂತಿ, ಎದೆ ಹಿಡಿದಂತಾಗುವುದು, ತಲೆಸುತ್ತು ಕಾಣಿಸಿದರೆ ಬೆಳಗಾಗುವ ತನಕ ಕಾಯದೆ ಆಸ್ಪತ್ರೆಗೆ ಒಯ್ಯಿರಿ.

ಬೇರೆ ಇಲಿಪಾಷಾಣವೂ ಬೇಡ. ವಿಷ ತಿಂದ ಪ್ರಾಣಿ ಕೈಗೆ ಸಿಗದ ಸಂದಿನಲ್ಲಿ ಹೋಗಿ ಸಾಯುತ್ತದೆ. ವಾರಗಟ್ಟಲೆ ದುರ್ನಾತ, ಹುಳು, ನೊಣ. ಹಣ್ಣಿನಲ್ಲಿ ಬೆರೆಸಿಟ್ಟ ವಿಷ ಮಗುವಿನ ಕೈಗೆ ಸಿಗುವ ಅಪಾಯವಂತೂ ಇದ್ದೇ ಇದೆ. ಕಿಂಡಿಗೆ ವಿದ್ಯುತ್ ತಂತಿ ಹಾಯಿಸುವುದು, ಹೊಗೆ ಹಾಕಿ ಉಸಿರುಗಟ್ಟಿಸುವುದು, ಮೆಣಸಿನಕಾಯಿ ಸುಡುವುದು ಇವೂ ಬೇಡ. ಹೊಗೆ ತಾಳದೆ ತಾಯಿ ಓಡಿಹೋದರೂ ಮರಿಗಳು ಅಲ್ಲೇ ಸಾಯುತ್ತವೆ. ಜಂತಿಗೆ ಬೆಂಕಿ ಹತ್ತಿದರೆ ಮನೆಯೇ ಹೋಗುತ್ತದೆ.

ಹಿಡಿದು ದೂರ ಬಿಟ್ಟುಬಂದರಾಗದೇ?

‘ಕೊಲ್ಲುವುದು ಬೇಡ, ಬೋನಿಟ್ಟು ಹಿಡಿದು ದೂರದ ಗುಡ್ಡಕ್ಕೆ ಬಿಟ್ಟುಬಂದರಾಯಿತು’ ಎಂದು ದಯಾವಂತರು ಹೇಳುತ್ತಾರೆ. ದಯೆ ಒಳ್ಳೆಯದೇ, ಆದರೆ ಈ ಉಪಾಯ ಒಳ್ಳೆಯದಲ್ಲ. ಅನುಮತಿಯಿಲ್ಲದೆ ಹಿಡಿಯುವುದು ಕಾನೂನಿಗೆ ವಿರುದ್ಧ ಎಂಬುದು ಒಂದು. ಹೊಸ ಜಾಗದಲ್ಲಿ ಆಹಾರ, ಅಡಗುದಾಣ ಗೊತ್ತಿಲ್ಲದೆ ಪ್ರಾಣಿ ಕಂಗಾಲಾಗುವುದು ಇನ್ನೊಂದು. ಮನೆಯ ಕಿಂಡಿ ತೆರೆದೇ ಇದ್ದರೆ ಅದು ಹೋದ ಜಾಗಕ್ಕೆ ಇನ್ನೊಂದು ಬರುತ್ತದೆ ಎಂಬುದು ಮಗದೊಂದು. ಇವೆಲ್ಲಕ್ಕಿಂತ ದೊಡ್ಡ ಕಾರಣವನ್ನು ಅಮೆರಿಕದ ಅನುಭವ ಹೇಳುತ್ತದೆ.

ಅಲ್ಲಿನ ಮನೆಗಳ ಅಟ್ಟಕ್ಕೆ ನುಗ್ಗುವುದು ರಕೂನ್ ಎಂಬ ಪ್ರಾಣಿ. ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿದಂಥ ಮುಖ, ಬಳೆ ಬಳೆಯ ಬಾಲ, ಮನುಷ್ಯರ ಕೈಯಂತೆ ಚುರುಕಾದ ಮುಂಗಾಲು. ಅಮೆರಿಕದ ಆಗ್ನೇಯ ರಾಜ್ಯಗಳ ರಕೂನ್‌ಗಳಲ್ಲಿ ರೇಬಿಸ್ ನೆಲೆಯೂರಿತ್ತು. ಬೇಟೆಯ ಮೋಜಿಗಾಗಿ ಅಲ್ಲಿಂದ ರಕೂನ್‌ಗಳನ್ನು ಹಿಡಿದು ಉತ್ತರಕ್ಕೆ ಸಾಗಿಸಿ ಬಿಟ್ಟರು. 1977ರಲ್ಲಿ ಪಶ್ಚಿಮ ವರ್ಜೀನಿಯಾದಲ್ಲಿ ರೋಗ ಕಾಣಿಸಿಕೊಂಡಿತು. ಮುಂದೆ ಪೂರ್ವ ಕರಾವಳಿಯ ಉದ್ದಕ್ಕೂ ಹಬ್ಬಿತು. ಜರ್ಮನಿಯಲ್ಲಿ 1934ರಲ್ಲಿ ಎಡರ್ ಸರೋವರದ ಬಳಿ ಬಿಟ್ಟ ಎರಡು ಜೋಡಿ ರಕೂನ್‌ಗಳ ಸಂತತಿ ಬೆಳೆದು ಇಂದು ಆ ದೇಶದ ಊರೂರಿನ ಅಟ್ಟಗಳಲ್ಲಿ ಸೇರಿಕೊಂಡಿದೆ. ಪ್ರಾಣಿಯನ್ನು ಎತ್ತಿ ಬೇರೆ ಕಡೆ ಇಡುವಾಗ ನಾವು ಪ್ರಾಣಿಯನ್ನಷ್ಟೇ ಸಾಗಿಸುವುದಿಲ್ಲ.

ಆದುದರಿಂದಲೇ ಅಲ್ಲಿನ ತಿಳಿದವರು ಹಿಡಿದು ಸಾಗಿಸುವುದಕ್ಕಿಂತ, ಪ್ರಾಣಿ ತಾನಾಗಿಯೇ ಹೊರಹೋಗುವಂತೆ ಮಾಡಿ ಮನೆಯನ್ನು ಭದ್ರಪಡಿಸುವ ವಿಧಾನವನ್ನೇ ಸರಿಯೆನ್ನುತ್ತಾರೆ. ಅದು ನಮ್ಮ ಕಬ್ಬೆಕ್ಕಿಗೂ ಒಗ್ಗುತ್ತದೆ.

ಮರಿಗಳಿವೆಯೇ ನೋಡಿ

ಕಿಂಡಿ ಮುಚ್ಚುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೊಂದೇ. ಕಬ್ಬೆಕ್ಕು ಮರಿ ಹಾಕಲು ಇಂಥದೇ ಕಾಲವೆಂದಿಲ್ಲ. ಒಂದು ಸೂಲಿಗೆ ಎರಡರಿಂದ ಐದು ಮರಿ. ಹುಟ್ಟಿದಾಗ ಕಣ್ಣು ಮುಚ್ಚಿರುತ್ತದೆ. ಸುಮಾರು ಎರಡು ತಿಂಗಳವರೆಗೆ ತಾಯಿಯ ಹಾಲೇ ಆಧಾರ. ತಾಯಿ ರಾತ್ರಿ ಹೊರಗೆ ಹೋದಾಗಲೂ ಮರಿಗಳು ಒಳಗೇ ಇರುತ್ತವೆ.

ತಾಯಿ ಹೊರಗಿರುವ ಹೊತ್ತಿನಲ್ಲಿ, ಎಂದರೆ ರಾತ್ರಿ ಒಂಬತ್ತು ಹತ್ತರ ಸುಮಾರಿಗೆ, ಅಟ್ಟದ ಕೆಳಗೆ ನಿಂತು ಕಿವಿಗೊಡಿ. ಚೀಂಗುಟ್ಟುವ ಸಣ್ಣ ದನಿ ಕೇಳಿದರೆ ಮರಿಗಳಿವೆ ಎಂದರ್ಥ. ಆಗ ನಿಮ್ಮ ಮುಂದೆ ಎರಡು ದಾರಿಗಳಿವೆ.

ಒಂದು, ಕಾಯುವುದು. ಮರಿಗಳು ತಾಯಿಯ ಬೆನ್ನು ಹತ್ತಿ ರಾತ್ರಿ ಹೊರಗೆ ಹೋಗತೊಡಗಿದ ಮೇಲೆ ಕೆಲಸ ಸುಲಭ. ಕಾಯಲು ಸಾಧ್ಯವಿರುವವರಿಗೆ ಇದೇ ಉತ್ತಮ.

ಎರಡು, ತಾಯಿಗೆ ‘ಈ ಜಾಗ ಚೆನ್ನಾಗಿಲ್ಲ’ ಎನ್ನಿಸುವುದು. ಅದಕ್ಕೆ ಬೇಕಾದದ್ದು ಕತ್ತಲೆ, ಶಾಂತಿ. ಅವೆರಡನ್ನೂ ಕೆಡಿಸಿ. ಅಟ್ಟದಲ್ಲಿ ಒಂದು ಎಲ್‌ಇಡಿ ದೀಪ ಹಗಲಿರುಳು ಉರಿಯಲಿ. ಹಗಲು ರೇಡಿಯೋ ಮಾತಾಡುತ್ತಿರಲಿ. ಹತ್ತಿ, ಹುಲ್ಲು, ಕಾಗದದ ಬಳಿ ಬಿಸಿಯಾಗುವ ಹಳೆಯ ಬಲ್ಬು ಇಡಬೇಡಿ. ತಾಯಿ ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಬೇರೆ ಗೂಡಿಗೆ ಒಯ್ಯಬಹುದು. ಅದಕ್ಕೆ ಕೆಲವು ರಾತ್ರಿಗಳ ಅವಕಾಶ ಕೊಡಿ. ಈ ದಿನಗಳಲ್ಲಿ ಯಾರೂ ಅಟ್ಟ ಹತ್ತಬಾರದು. ಮರಿಗಳಿಗಾಗಿ ಹೆದರಿದ ತಾಯಿ ಮೈಮೇಲೆ ಬರಬಹುದು.

ಒಮ್ಮುಖ ಬಾಗಿಲು

ಮರಿಗಳಿಲ್ಲವೆಂದು ಖಾತ್ರಿಯಾದ ಮೇಲೆ ಮನೆಯ ಸುತ್ತ ಹಗಲಿನಲ್ಲಿ ಒಂದು ಸುತ್ತು ಹಾಕಿ. ಮುಷ್ಟಿ ತೂರುವಷ್ಟು ಎಡೆಯಿದ್ದರೂ ಸಂಶಯಪಡಿ. ಕಬ್ಬೆಕ್ಕು ಬಳಸುತ್ತಿರುವ ಒಂದು ಕಿಂಡಿಯನ್ನು ಬಿಟ್ಟು ಉಳಿದುವನ್ನೆಲ್ಲ ಮುಚ್ಚಿಸಿ.

ಉಳಿದ ಆ ಒಂದು ಕಿಂಡಿಗೆ ಹೊರಗಡೆಯಿಂದ ಜಾಳಿಗೆಯ ಮುಚ್ಚಳ ತೂಗುಹಾಕಿ. ಮೇಲಿನ ಅಂಚಿಗೆ ಮಾತ್ರ ಕೀಲು ಅಥವಾ ತಂತಿಯ ಕಟ್ಟು ಇರಲಿ. ಮುಚ್ಚಳ ಕಿಂಡಿಗಿಂತ ಎಲ್ಲ ಕಡೆಯಲ್ಲೂ ಎರಡು ಇಂಚು ದೊಡ್ಡದಿರಬೇಕು. ಆಗ ಒಳಗಿನಿಂದ ತಲೆಯಲ್ಲಿ ದೂಡಿದರೆ ತೆರೆದುಕೊಳ್ಳುತ್ತದೆ. ಪ್ರಾಣಿ ಹೊರಬಿದ್ದ ಕೂಡಲೇ ತಾನೇ ಬಿದ್ದು ಗೋಡೆಗೆ ಒರಗಿಕೊಳ್ಳುತ್ತದೆ, ಹೊರಗಿನಿಂದ ದೂಡಿದರೆ ತೆರೆಯುವುದಿಲ್ಲ. ಅಂಚಿನ ತಂತಿಗಳು ಪ್ರಾಣಿಯ ಮೈಗೆ ಚುಚ್ಚದಂತೆ ಮಡಚಿರಬೇಕು. ಊರಿನ ಯಾವ ವೆಲ್ಡಿಂಗ್ ಅಂಗಡಿಯವರೂ ಅರ್ಧ ಗಂಟೆಯಲ್ಲಿ ಇದನ್ನು ಮಾಡಿಕೊಡಬಲ್ಲರು.

ಒಂದು ವಾರ ಅದು ಹಾಗೆಯೇ ಇರಲಿ. ಅಟ್ಟದ ಒಳಗೆ ಬೂದಿ ಹರಡಿ ದಿನವೂ ನೋಡಿ. ಮೂರು ರಾತ್ರಿ ಹೊಸ ಹೆಜ್ಜೆ ಕಾಣದಿದ್ದರೆ ಒಳಗೆ ಯಾರೂ ಇಲ್ಲ. ಇನ್ನೊಂದು ಸುಲಭ ಪರೀಕ್ಷೆಯೂ ಇದೆ. ಓದಿ ಮುಗಿಸಿದ ಈ ಪತ್ರಿಕೆಯ ಹಾಳೆಯನ್ನೇ ಉಂಡೆ ಮಾಡಿ ಕಿಂಡಿಯ ಒಳಬದಿಯಲ್ಲಿ ಸಡಿಲವಾಗಿ ತುರುಕಿ. ಮಳೆ ಗಾಳಿ ಇಲ್ಲದ ಮೂರು ನಾಲ್ಕು ರಾತ್ರಿ ಅದು ಅಲುಗದಿದ್ದರೆ ಕಿಂಡಿಯನ್ನು ಕಾಯಂ ಆಗಿ ಮುಚ್ಚಬಹುದು.

ನಮ್ಮ ಕಡೆಯ ಹಳೆಯ ಮಣ್ಣಿನ ಮಾಳಿಗೆಗಳಲ್ಲಿ ದಾರಿ ಗೋಡೆಯಲ್ಲಿರದೆ ಮೇಲಿನ ಬೆಳಕಿಂಡಿಯೇ ಆಗಿರಬಹುದು. ಅಲ್ಲಿ ತೂಗುಮುಚ್ಚಳ ಕೆಲಸ ಮಾಡದು. ಆಗ ಕತ್ತಲಾದ ಮೇಲೆ ದೂರ ಕುಳಿತು ಕಾದು ನೋಡಿ. ಪ್ರಾಣಿ ಹೊರಗೆ ಹೋದ ಮೇಲೆ ಬೆಳಕಿಂಡಿಗೆ ಜಾಳಿಗೆ ಇಟ್ಟು ಕಲ್ಲು ಹೇರಿ. ಮರುದಿನ ಒಳಗೆ ಬೂದಿಯ ಪರೀಕ್ಷೆ ಮಾಡಿ. ಒಳಗೇ ಇನ್ನೊಂದು ಉಳಿದಿದ್ದರೆ ಮತ್ತೆ ತೆರೆಯಬೇಕು.

ಕಿಂಡಿಗೆ ಜಾಳಿಗೆಯೇ ಬೇಕು

ಸಿಟ್ಟಿನಲ್ಲಿ ಬೆಳಕಿಂಡಿ, ಗವಾಕ್ಷಿಗಳನ್ನೆಲ್ಲ ಸಿಮೆಂಟು ಹಾಕಿ ಮುಚ್ಚಿಬಿಡುವುದು ಸರಿಯಲ್ಲ. ಇವು ಮನೆಯ ಮೂಗು. ಒಲೆಯ ಹೊಗೆ ಹೊರಗೆ ಹೋಗುವುದು, ಗಾಳಿ ಬೆಳಕು ಒಳಗೆ ಬರುವುದು ಇವುಗಳ ಮೂಲಕವೇ. ಕ್ಷಯ, ಕೆಮ್ಮು, ಕಣ್ಣುರಿ ಇವೆಲ್ಲ ಗಾಳಿಯಾಡದ ಮನೆಯಲ್ಲೇ ಹೆಚ್ಚು. ಮಗ್ಗದ ಮನೆಗಳಲ್ಲಿ ಹತ್ತಿಯ ಧೂಳು ಹೊರಗೆ ಹೋಗಲು ಕಿಂಡಿ ಬೇಕೇ ಬೇಕು.

ಹಾಗಾದ್ದರಿಂದ ಗಾಳಿಗೆ ಬೇಕಾದ ಕಿಂಡಿಗೆ ಜಾಳಿಗೆ, ಬೇಡವಾದ ಸಂದಿಗೆ ಸಿಮೆಂಟು ಎಂಬುದು ಸೂತ್ರ. ಅಂಗಡಿಯಲ್ಲಿ ವೆಲ್ಡ್ ಮೆಶ್ ಎಂದು ಕೇಳಿ. ಅರ್ಧ ಇಂಚು ಕಣ್ಣಿನ ದಪ್ಪ ತಂತಿಯದಾದರೆ ಕಬ್ಬೆಕ್ಕಿನ ಜೊತೆ ಹೆಗ್ಗಣವನ್ನೂ ತಡೆಯುತ್ತದೆ. ಪ್ಲಾಸ್ಟಿಕ್ ಜಾಳಿಗೆ, ಸೊಳ್ಳೆಪರದೆ, ಗೋಣಿತಟ್ಟು, ಥರ್ಮೋಕೋಲ್ ಇವನ್ನು ಒಂದೇ ರಾತ್ರಿಯಲ್ಲಿ ಹರಿದುಹಾಕುತ್ತವೆ. ಜಂತಿಯ ತುದಿ ಗೋಡೆ ಸೇರುವ ಎಡೆ, ತಗಡಿನ ಅಲೆಯ ಕೆಳಗಿನ ಸಂದು, ಪೈಪು ತೂರಿದ ಸುತ್ತಳತೆ ಇವನ್ನು ಮರೆಯಬೇಡಿ.

ಮಾಳಿಗೆಯ ಮೇಲೆ ಚಾಚಿದ ಟೊಂಗೆಗಳನ್ನು ಏಳೆಂಟು ಅಡಿ ದೂರಕ್ಕೆ ಸವರಿಸಿ. ಮರವನ್ನೇ ಕಡಿಯಬೇಕಾಗಿಲ್ಲ; ಕಡಿದರೆ ಅದು ಮನೆಗೇ ಬರುತ್ತದೆ. ಕಾಂಡಕ್ಕೆ, ಪೈಪಿಗೆ ಎರಡಡಿ ಅಗಲದ ನುಣುಪು ತಗಡನ್ನು ಸುತ್ತಿದರೆ ಹಿಡಿತ ಸಿಗದೆ ಹತ್ತಲಾರದು. ಉದುರಿದ ಹಣ್ಣನ್ನು ಸಂಜೆಯೊಳಗೆ ಆರಿಸಿ. ಕೋಳಿಗಳನ್ನು ಹೊತ್ತು ಮುಳುಗುವ ಮೊದಲೇ ಗೂಡಿಗೆ ಸೇರಿಸಿ ಭದ್ರವಾಗಿ ಅಗಳಿ ಹಾಕಿ. ಮುಸುರೆ, ಕಸದ ಬುಟ್ಟಿಗೆ ಮುಚ್ಚಳವಿರಲಿ. ನೀರಿನ ಟ್ಯಾಂಕಿನ ಮುಚ್ಚಳವನ್ನೂ ಇದೇ ನೆಪದಲ್ಲಿ ಒಮ್ಮೆ ನೋಡಿ.

ಸ್ವಚ್ಛ ಮಾಡುವ ರೀತಿ

ಒಣಗಿದ ಹಿಕ್ಕೆಯನ್ನು ಕಸಬರಿಗೆಯಿಂದ ಗುಡಿಸಬೇಡಿ. ಧೂಳು ಎದ್ದು ಮೂಗಿಗೆ ಹೋಗುತ್ತದೆ. ಮೂಗು ಬಾಯಿಗೆ ಮಾಸ್ಕ್, ಕೈಗೆ ರಬ್ಬರ್ ಗವಸು, ಕಾಲಿಗೆ ಬೂಟು ಇರಲಿ. ಒಂದು ಲೀಟರ್ ನೀರಿಗೆ 30 ಗ್ರಾಂ ಬ್ಲೀಚಿಂಗ್ ಪುಡಿ ಕಲಸಿ, ತಿಳಿಯನ್ನು ಹಿಕ್ಕೆಯ ಮೇಲೆ ಚಿಮುಕಿಸಿ, ಅರ್ಧ ಗಂಟೆ ಬಿಟ್ಟು ಒದ್ದೆಯಾಗಿಯೇ ಬಾಚಿ ತೆಗೆಯಿರಿ. ಚೀಲದಲ್ಲಿ ಕಟ್ಟಿ ಹೂಳಿರಿ. ಬ್ಲೀಚಿಂಗ್ ಪುಡಿಗೆ ಪಾಯಿಖಾನೆ ತೊಳೆಯುವ ಆಸಿಡ್ ಮಾತ್ರ ಬೆರೆಸಬೇಡಿ, ವಿಷಾನಿಲ ಏಳುತ್ತದೆ. ಕೆಲಸ ಮುಗಿದ ಮೇಲೆ ಸಾಬೂನಿನಿಂದ ಸ್ನಾನ. ಗರ್ಭಿಣಿಯರು, ಮಕ್ಕಳು, ಉಬ್ಬಸವಿರುವ ಹಿರಿಯರು ಈ ಕೆಲಸಕ್ಕೆ ಕೈಹಾಕಬಾರದು. ಮೂತ್ರ ಬಿದ್ದ ಕಾಳನ್ನು ತೊಳೆದು ಬಳಸುವ ಯೋಚನೆ ಬೇಡ. ಮುಂದಿನ ಎರಡು ಮೂರು ವಾರಗಳಲ್ಲಿ ಯಾರಿಗಾದರೂ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಾಣಿಸಿದರೆ ವೈದ್ಯರಿಗೆ ಈ ವಿಷಯವನ್ನು ತಪ್ಪದೆ ತಿಳಿಸಿ.

ಕಚ್ಚಿದರೆ, ಪರಚಿದರೆ

ತಕ್ಷಣ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಗಾಯವನ್ನು ಪೂರ್ತಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದಪುಡಿ, ಎಣ್ಣೆ ಏನನ್ನೂ ಮೆತ್ತಬೇಡಿ, ಬಿಗಿಯಾಗಿ ಕಟ್ಟಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಲಸಿಕೆಯ ಜೊತೆಗೆ ಗಾಯದ ಸುತ್ತ ಕೊಡುವ ಇಮ್ಯುನೋಗ್ಲಾಬ್ಯುಲಿನ್ ಚುಚ್ಚುಮದ್ದೂ ಬೇಕಾಗುತ್ತದೆ. ಲಸಿಕೆಯನ್ನು ಮಾಂಸಖಂಡಕ್ಕೆ ಕೊಡುವುದಾದರೆ ಮೊದಲ ದಿನ, ಆಮೇಲೆ 3, 7, 14 ಮತ್ತು 28ನೇ ದಿನ; ಚರ್ಮದೊಳಕ್ಕೆ ಕೊಡುವುದಾದರೆ ಮೊದಲ ದಿನ, ನಂತರ 3, 7 ಮತ್ತು 28ನೇ ದಿನ. ನಡುವೆ ಬಿಡಬಾರದು.

ಹೊಕ್ಕುಳ ಸುತ್ತ 14 ಚುಚ್ಚುಮದ್ದು ಎಂಬ ಹಳೆಯ ಭಯದಿಂದ ಇಂದಿಗೂ ಕೆಲವರು ಆಸ್ಪತ್ರೆಗೆ ಹೋಗದೆ ನಾಟಿ ಔಷಧಕ್ಕೆ ಮೊರೆಹೋಗುತ್ತಾರೆ. ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಆ ಲಸಿಕೆಯನ್ನು ನಮ್ಮ ದೇಶದಲ್ಲಿ 2004ರಲ್ಲೇ ನಿಲ್ಲಿಸಲಾಗಿದೆ. ಈಗಿನ ಲಸಿಕೆಯನ್ನು ತೋಳಿಗೆ ಕೊಡುತ್ತಾರೆ, ಹೆದರುವ ಕಾರಣವಿಲ್ಲ.

ಮುಧೋಳ ನಾಯಿಯ ಸೀಮೆಯವರಾದ ನಮ್ಮ ಮನೆಗಳಲ್ಲಿ ನಾಯಿ ಇರುವುದು ಸಹಜ. ಕಬ್ಬೆಕ್ಕಿನ ಮೇಲೆ ನಾಯಿಯನ್ನು ಛೂ ಬಿಡಬೇಡಿ. ನಾಯಿಗೆ ವರ್ಷವರ್ಷ ರೇಬಿಸ್ ಲಸಿಕೆ ಹಾಕಿಸಿ. ಕಾಡುಪ್ರಾಣಿಯೊಡನೆ ಕಚ್ಚಾಡಿದ್ದರೆ ಲಸಿಕೆ ಹಾಕಿಸಿದ್ದರೂ ಪಶುವೈದ್ಯರಿಗೆ ತೋರಿಸಿ.

ಓದುಗರ ಕೆಲವು ಸಂದೇಹಗಳು

ಕಬ್ಬೆಕ್ಕು ಕೋಣೆಯೊಳಗೇ ಬಂದುಬಿಟ್ಟರೆ? ಮಕ್ಕಳನ್ನು ಹೊರಗೆ ಕಳಿಸಿ, ಮನೆಯೊಳಗಿನ ಇತರ ಬಾಗಿಲು ಮುಚ್ಚಿ, ಹೊರಗಿನ ಬಾಗಿಲು ಅಥವಾ ಕಿಟಕಿ ತೆರೆದು, ದೀಪ ಆರಿಸಿ ದೂರ ಸರಿಯಿರಿ. ಕತ್ತಲಾದ ಮೇಲೆ ತಾನಾಗಿ ಹೋಗುತ್ತದೆ.

ಮರಿ ಕೆಳಗೆ ಬಿದ್ದಿದ್ದರೆ? ಬರಿಗೈಯಲ್ಲಿ ಮುಟ್ಟಬೇಡಿ, ಹಸುವಿನ ಹಾಲು ಕುಡಿಸಬೇಡಿ. ದಪ್ಪ ಗವಸು ಹಾಕಿ ತೆರೆದ ಪೆಟ್ಟಿಗೆಯಲ್ಲಿಟ್ಟು ಸಂಜೆ ಅದೇ ಕಿಂಡಿಯ ಬಳಿ ಇಡಿ. ತಾಯಿ ಒಯ್ಯುವ ಸಂಭವವಿದೆ. ಬೆಳಗಾದರೂ ಅಲ್ಲೇ ಇದ್ದರೆ ಅರಣ್ಯ ಇಲಾಖೆಗೆ ತಿಳಿಸಿ.

ಹಗಲಿನಲ್ಲಿ ತೂರಾಡುತ್ತ, ಜೊಲ್ಲು ಸುರಿಸುತ್ತ, ಜನರಿಗೆ ಹೆದರದೆ ಬಂದರೆ? ರೋಗವಿರಬಹುದು. ಹತ್ತಿರ ಹೋಗಬೇಡಿ, ನಾಯಿ ದನಗಳನ್ನು ದೂರ ಕಟ್ಟಿ, ನಿಮ್ಮ ತಾಲ್ಲೂಕಿನ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಕೂಡಲೇ ಸುದ್ದಿ ಮುಟ್ಟಿಸಿ. ಗಾಯಗೊಂಡ ಪ್ರಾಣಿ, ಬಾವಿಗೆ ಬಿದ್ದ ಪ್ರಾಣಿಯ ವಿಷಯದಲ್ಲೂ ಹೀಗೆಯೇ.

ಬಾವಲಿಗಳಿಗೂ ಇದೇ ಉಪಾಯವೇ? ಕ್ರಮ ಇದೇ. ಬಾವಲಿ ಬೆರಳು ತೂರುವಷ್ಟು ಸಂದಿನಲ್ಲೂ ಹೋಗುತ್ತದೆ. ಆದ್ದರಿಂದ ಸಣ್ಣ ಕಣ್ಣಿನ ಬಲೆ ಬೇಕು. ಹಾರಲಾರದ ಮರಿಗಳಿರುವಾಗ ಮುಚ್ಚಬಾರದು. ಬರಿಗೈಯಲ್ಲಿ ಎಂದೂ ಹಿಡಿಯಬಾರದು.

ಇದಕ್ಕೆಲ್ಲ ಬೇಕಾದದ್ದು ಎರಡು ಮೀಟರು ಜಾಳಿಗೆ, ಒಂದು ಪುಟ್ಟಿ ಸಿಮೆಂಟು, ಒಂದು ಹಿಡಿ ಬೂದಿ, ಹತ್ತು ದಿನದ ತಾಳ್ಮೆ. ಮಳೆಗಾಲಕ್ಕೆ ಮುಂಚೆ ಮಾಳಿಗೆಯ ಮೇಲೆ ಮಣ್ಣು ಹಾಕಿಸುವಾಗ, ತಗಡು ಬಿಗಿಸುವಾಗ ಕಿಂಡಿಗಳನ್ನೂ ಒಮ್ಮೆ ನೋಡಿಕೊಳ್ಳುವ ರೂಢಿ ಇಟ್ಟುಕೊಳ್ಳಿ. ನೆರೆಮನೆಯವರಿಗೂ ಹೇಳಿ, ಗೋಡೆಗೆ ಗೋಡೆ ತಾಗಿದ ಓಣಿಯಲ್ಲಿ ಒಬ್ಬರು ಕಿಂಡಿ ಮುಚ್ಚಿ ಇನ್ನೊಬ್ಬರು ತೆರೆದಿಟ್ಟರೆ ಅತಿಥಿ ಪಕ್ಕದ ಮನೆಗೆ ಹೋಗುತ್ತಾನೆ, ಅಷ್ಟೆ.